ನಾನೇ ಬರೆದ ‘ಇಲ್ಲ’

ಇದನ್ನು ಹೇಳುವ ಯೋಗ್ಯತೆ ನನಗಿದೆಯೇ ಎಂಬ ಅನುಮಾನ ಇಟ್ಟುಕೊಂಡೇ ಶುರು ಮಾಡುತ್ತಿದ್ದೇನೆ. ಓದುವವರು ಕ್ಷಮಿಸಬೇಕು. ನಾನು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಪ್ಪತ್ತಾರು ವರ್ಷದಿಂದ ಇಸ್ತ್ರಿ ಮಾಡುವವನು. ಓದಿದ್ದು ಸಂಜೆ ಶಾಲೆಯಲ್ಲಿ, ಅದೂ ಮದುವೆಯಾದ ಮೇಲೆ. ಕಾಗುಣಿತ ತಪ್ಪಿ ಯಾರಾದರೂ ನಕ್ಕಾರು ಎಂಬ ಹೆದರಿಕೆ ಇನ್ನೂ ಹೋಗಿಲ್ಲ. ಅದಕ್ಕಿಂತ ದೊಡ್ಡ ಹೆದರಿಕೆ ಏನೆಂದರೆ, ಇದನ್ನೆಲ್ಲ ಬರೆದು ನಾನು ಒಳ್ಳೆಯವನು ಅನ್ನಿಸಿಕೊಳ್ಳಲು ನೋಡುತ್ತಿದ್ದೇನೆಯೇ ಎಂಬುದು. ಹೆಂಡತಿಯನ್ನು ಕೇಳಿದೆ.

“ಬರೀರಿ. ಆದ್ರೆ ನಿಮ್ಮನ್ನ ನೀವು ಜಾಸ್ತಿ ಬೈಕೋಬೇಡಿ, ಅದೂ ಒಂಥರಾ ಜಂಬಾನೇ,” ಎಂದಳು.

ನಮ್ಮ ಸಭೆಯ ಅಯ್ಯನವರು, ಅಂದರೆ ಪಾದ್ರಿಗಳು, ಹನ್ನೊಂದು ವರ್ಷದ ಹಿಂದೆ ಹೊಸಬರ ತರಗತಿಯನ್ನು ನನಗೆ ಒಪ್ಪಿಸಿದರು. ಕ್ರೈಸ್ತರಾಗಬೇಕೆಂದು ಹೊಸದಾಗಿ ಬರುವವರಿಗೆ ಒಂಬತ್ತು ತಿಂಗಳ ಪಾಠ. ಪ್ರತಿ ಗುರುವಾರ ಸಂಜೆ ಆರಕ್ಕೆ, ಚರ್ಚಿನ ಹಿಂದಿನ ಕೋಣೆಯಲ್ಲಿ. ಹತ್ತು ಮಡಚುವ ಕುರ್ಚಿ, ಒಂದು ಕರಿಹಲಗೆ, ಗೋಡೆಯ ಮೇಲೆ ಹೊನ್ನಗೂದಲು ನೀಲಿಗಣ್ಣಿನ ಏಸುವಿನ ಚಿತ್ರ. ಇನ್ನೂ ಓದಿದವರು ಸಭೆಯಲ್ಲಿ ಬೇಕಾದಷ್ಟು ಜನ ಇದ್ದರು. ನೀವು ನಿಧಾನಸ್ಥರು, ಹೊಸಬರಿಗೆ ನಿಧಾನಸ್ಥರೇ ಬೇಕು ಎಂದರು ಅಯ್ಯನವರು. ನಾನು ಆ ವಾರವೆಲ್ಲ ನಿದ್ದೆಗೆಟ್ಟು ಟಿಪ್ಪಣಿ ಬರೆದುಕೊಂಡಿದ್ದೆ.

ತರಗತಿ ಮುಗಿದು, ತಲೆಗೆ ನೀರು ಹಾಕಿ ಸಭೆಗೆ ಸೇರಿಸುವ ದೀಕ್ಷಾಸ್ನಾನ ಆಗುವವರೆಗೆ ಹೊಸಬರಿಗೆ ಕರ್ತನ ಭೋಜನ, ಅಂದರೆ ಏಸುವಿನ ನೆನಪಿನ ರೊಟ್ಟಿ, ಇಲ್ಲ. ರೊಟ್ಟಿ ಕೊಡುವ ಭಾನುವಾರ ಎಲ್ಲರೂ ಸಾಲಾಗಿ ಮುಂದೆ ಹೋದರೆ ಹೊಸಬರು ಕೊನೆಯ ಬೆಂಚಿನಲ್ಲಿ ಕೂತಿರುತ್ತಾರೆ. ಅವರಿಗೆ ಬೇಸರವಾಗದಿರಲಿ ಎಂದು ಕೊನೆಯವರೆಗೂ ಜೊತೆಯಲ್ಲಿ ಕೂರುವುದು ನನ್ನ ಕೆಲಸ. ಅರ್ಜಿ ತುಂಬಿಸುವುದೂ ನನ್ನದೇ. ಅದರಲ್ಲಿ ಐದು ಪ್ರಶ್ನೆ. ಮೂರನೆಯದು, ‘ಈ ಮೊದಲು ದೀಕ್ಷಾಸ್ನಾನ ಆಗಿದೆಯೇ?’

ನಮ್ಮ ಮನೆಯಲ್ಲಿ ನಂಬಿಕೆಗೆ ಬಂದ ಮೊದಲಿಗರು ನನ್ನ ಅಪ್ಪ. ಕೆಲಸದ ಕಡೆ ನನ್ನನ್ನು ‘ಪಾದ್ರಿ’ ಎಂದೇ ಕರೆಯುತ್ತಾರೆ. ಬಾಯ್ಲರ್ ನೋಡಿಕೊಳ್ಳುವ ಅಣ್ಣನಿಗೆ ನನ್ನನ್ನು ಕೆಣಕದಿದ್ದರೆ ಉಂಡ ಅನ್ನ ಅರಗುವುದಿಲ್ಲ. “ಏನ್ ಪಾದ್ರಿ, ನಿಮ್ಮ ದೇವ್ರಿಗೆ ನಮ್ ಭಾಷೆ ಬರುತ್ತಾ, ಇಲ್ಲ ಮಧ್ಯೆ ಒಬ್ಬ ಬಿಳಿಯ ನಿಂತ್ಕೊಂಡು ಹೇಳಿಕೊಡಬೇಕಾ?” ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ಏಸು ಹುಟ್ಟಿದ್ದು ಬಿಳಿಯರ ಊರಿನಲ್ಲಲ್ಲ, ಆತ ಯಾವ ಜನಾಂಗದ ಸ್ವತ್ತೂ ಅಲ್ಲ ಎಂದು ನಾನು ಬೆಡ್‌ಶೀಟ್ ಮಡಚುತ್ತಲೇ ಉತ್ತರ ಕೊಡುತ್ತಿದ್ದೆ. ಚೆನ್ನಾಗಿ ಹೇಳಿದೆ ಎಂದು ಮನಸ್ಸಿನಲ್ಲೇ ಬೆನ್ನು ತಟ್ಟಿಕೊಳ್ಳುತ್ತಿದ್ದೆ.

ಟೊಪ್ಪಿ ತಾತ ಬಂದದ್ದು ಹೋದ ವರ್ಷ. ಊರು ಬಿಟ್ಟು ಓಡಿಬಂದವರು. ಹೆಂಡತಿ ದಾರಿಯಲ್ಲೇ ತೀರಿಕೊಂಡಿದ್ದರು. ಮಗಳು ನಮ್ಮ ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿದ್ದಳು, ಭಾನುವಾರವೂ ಪಾಳಿ. ತಾತ ಉಣ್ಣೆಯ ಟೊಪ್ಪಿ ಹಾಕುತ್ತಿದ್ದರು, ಚರ್ಚಿನ ಬಾಗಿಲಲ್ಲಿ ಅದನ್ನು ತೆಗೆದು ಎದೆಗೆ ಹಿಡಿದುಕೊಳ್ಳುತ್ತಿದ್ದರು. ಅವರ ಜನ ನಮ್ಮ ಊರಿನಲ್ಲಿ ಆಗಲೇ ಒಂದಿಷ್ಟಿದ್ದರು. ಆ ಮೂಗು, ಆ ಗಡ್ಡ, ಆ ಮೈಬಣ್ಣ ಕಂಡರೆ ಇವರು ಇಂಥ ಧರ್ಮದವರು ಎಂದು ಯಾರೂ ಎರಡನೇ ಸಲ ಯೋಚಿಸುತ್ತಿರಲಿಲ್ಲ. ಅವರಲ್ಲಿ ಕ್ರೈಸ್ತರೂ ಇರಬಹುದು ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಅಪ್ಪ ನಿಮ್ಮ ಸಭೆಗೆ ಸೇರಬೇಕು ಅಂತಾರೆ ಎಂದು ಮಗಳು ಹೇಳಿದಳು. ನನಗೆ ಕಣ್ಣು ತುಂಬಿ ಬಂತು. ಈ ವಯಸ್ಸಿನಲ್ಲಿ ತಮ್ಮವರನ್ನೆಲ್ಲ ಎದುರು ಹಾಕಿಕೊಂಡು ಬರುತ್ತಿದ್ದಾರಲ್ಲ ಎಂದುಕೊಂಡೆ. ಮೂರನೆಯ ಪ್ರಶ್ನೆ ಕೇಳಿದರೆ ಮುಜುಗರವಾದೀತು ಎಂದು ಅವರನ್ನು ಕೇಳದೆ ನಾನೇ ‘ಇಲ್ಲ’ ಎಂದು ಬರೆದೆ. ನನ್ನ ಅತ್ಯುತ್ತಮ ಅಕ್ಷರದಲ್ಲಿ ಬರೆದೆ.

ತಾತ ಒಂದು ಗುರುವಾರವೂ ತಪ್ಪಿಸಲಿಲ್ಲ. ಮುಂದಿನ ಕುರ್ಚಿಯಲ್ಲಿ ಕೂತು ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಮ್ಮ ಭಾಷೆ ಅವರಿಗೆ ಅರೆಬರೆ ಬರುತ್ತಿತ್ತು. ನನ್ನನ್ನು ‘ಮೇಷ್ಟ್ರೇ’ ಎನ್ನುತ್ತಿದ್ದರು. ಜೀವನದಲ್ಲಿ ಯಾರೂ ನನ್ನನ್ನು ಹಾಗೆ ಕರೆದಿರಲಿಲ್ಲ. ಆ ಮಾತು ಕೇಳುವುದಕ್ಕೇ ಬೇಗ ಬೇಗ ಕೆಲಸ ಮುಗಿಸಿ ಓಡುತ್ತಿದ್ದೆನೇನೋ. ಪಾಠ ಮುಗಿದ ಮೇಲೆ ಪ್ರತಿ ವಾರ ಅವರದು ಒಂದೇ ಪ್ರಶ್ನೆ.

“ರೊಟ್ಟಿ ಯಾವಾಗ, ಮೇಷ್ಟ್ರೇ?”

ಉಳಿದವರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ತಾತನಿಗೆ ಹಸಿವು ಜಾಸ್ತಿ ಎಂದು ತಮಾಷೆ ಮಾಡಿದ್ದೂ ಉಂಟು.

ಏಳನೆಯ ತಿಂಗಳ ಒಂದು ಭಾನುವಾರ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ನನ್ನ ಕಣ್ಣು ಮೊದಲು ಹೋಗುವುದೇ ಅಂಗಿಯ ಕಾಲರಿಗೆ. ನೀರು ಚಿಮುಕಿಸಿ, ಚೊಂಬಿನಲ್ಲಿ ಕೆಂಡ ಇಟ್ಟೋ ಏನೋ ಕಷ್ಟಪಟ್ಟು ತೀಡಿದ್ದು ಗೊತ್ತಾಗುತ್ತಿತ್ತು. ರೊಟ್ಟಿ ಕೊಡುವ ಹೊತ್ತಿಗೆ ಸಾಲು ಮುಂದೆ ಸರಿಯಿತು. ತಾತ ಎದ್ದು ನಿಂತರು. ಬೆಂಚು ದಾಟಿ ಒಂದು ಹೆಜ್ಜೆ ಇಟ್ಟರು. ಪಾಪ, ಮರೆತಿದ್ದಾರೆ ಎಂದುಕೊಂಡು ಅವರ ಭುಜದ ಮೇಲೆ ಕೈಯಿಟ್ಟೆ.

“ಇನ್ನು ಸ್ವಲ್ಪ ದಿನ, ತಾತ. ಕೂತ್ಕೊಳ್ಳಿ.”

ಮೆತ್ತಗೆ ಒತ್ತಿದೆ. ಅವರು ಕೂತರು. ನನ್ನ ಅಂಗೈಯ ಕೆಳಗೆ ಆ ಮೂಳೆ ಇಳಿದದ್ದು ಈಗಲೂ ಗೊತ್ತಾಗುತ್ತದೆ. ಒಂದು ಇಡೀ ದಿನ ಇಸ್ತ್ರಿ ಪೆಟ್ಟಿಗೆ ಹಿಡಿದರೂ ಅದು ಕೈಯಿಂದ ಹೋಗುವುದಿಲ್ಲ.

ಕೊನೆಯ ಪಾಠ ದೀಕ್ಷಾಸ್ನಾನದ ಬಗ್ಗೆ. ಮುಂದಿನ ಭಾನುವಾರ ತಾತನಿಗೂ ಇನ್ನಿಬ್ಬರಿಗೂ ಅಯ್ಯನವರು ದಿನ ಗೊತ್ತು ಮಾಡಿದ್ದರು. ಅದು ಜೀವನದಲ್ಲಿ ಒಂದೇ ಸಲ ಎಂದು ನಾನು ಹಲಗೆಯ ಮೇಲೆ ಬರೆದೆ.

“ಒಂದೇ ಸಲಾನಾ, ಮೇಷ್ಟ್ರೇ? ಎರಡು ಸಲ ಆದ್ರೆ?” ಎಂದು ತಾತ ಕೇಳಿದರು.

“ಮೊದಲನೇದು ಸುಳ್ಳು ಅಂದ ಹಾಗಾಗುತ್ತೆ,” ಎಂದೆ. ಟಿಪ್ಪಣಿ ಪುಸ್ತಕ ನೋಡದೆ ಥಟ್ಟನೆ ಉತ್ತರ ಬಂತಲ್ಲ ಎಂದು ಹಿಗ್ಗಿದೆ. ತಾತ ಆ ವಾರ ರೊಟ್ಟಿಯ ಮಾತು ಎತ್ತಲಿಲ್ಲ. ಟೊಪ್ಪಿ ಹಾಕಿಕೊಂಡು ಹೋದರು.

ಮರುದಿನ, ಶುಕ್ರವಾರ, ಅವರ ಮಗಳು ಒಂದು ದಿಂಬಿನ ಚೀಲ ಹಿಡಿದು ನಮ್ಮ ವಿಭಾಗಕ್ಕೆ ಬಂದಳು. ಬೇರೆ ಊರಿನಲ್ಲಿರುವ ಅವಳ ಅಣ್ಣನಿಗೆ ಮಗು ಹುಟ್ಟಿದೆಯಂತೆ. ಇದನ್ನು ಅಂಚೆಯಲ್ಲಿ ಕಳಿಸಬೇಕು, ನಿಮ್ಮ ಕೈ ಮೆತ್ತಗೆ ಎಂದು ಎಲ್ಲರೂ ಹೇಳುತ್ತಾರೆ, ಸ್ವಲ್ಪ ಇಸ್ತ್ರಿ ಮಾಡಿಕೊಡ್ತೀರಾ ಅಣ್ಣ, ಎಂದಳು. ಒಳಗಿದ್ದದ್ದು ಕೂಸಿನ ಬಿಳಿ ಅಂಗಿ, ಉದ್ದನೆಯದು.

ನನಗೆ ಪುಸ್ತಕ ಅಷ್ಟಾಗಿ ಗೊತ್ತಿಲ್ಲ, ಬಟ್ಟೆ ಗೊತ್ತು. ನೂಲು ಕೈಯಲ್ಲಿ ತೆಗೆದದ್ದು. ಹೊಲಿಗೆಯಲ್ಲಿ ಎಲ್ಲೂ ಮಿಷಿನ್ ಮುಟ್ಟಿರಲಿಲ್ಲ. ಕಂಕುಳಲ್ಲಿ ಮೂರು ಕಾಲದ ತೇಪೆ, ಒಂದರ ಮೇಲೊಂದು. ಎಷ್ಟು ಕಡಿಮೆ ಹಿಡಿದರೂ ನೂರೈವತ್ತು ವರ್ಷ. ಕೆಳಗಿನ ಅಂಚಿನ ಸುತ್ತ ಕೆಂಪು ದಾರದಲ್ಲಿ ಪುಟ್ಟ ಪುಟ್ಟ ಶಿಲುಬೆಗಳು, ಒಂದೊಂದೂ ಒಬ್ಬೊಬ್ಬರ ಕೈಯದು. ಹಳೆಯವು ಬಣ್ಣ ಹೋಗಿ ಕಂದಾಗಿದ್ದವು.

ಇದೇನಮ್ಮ ಎಂದು ಕೇಳಿದೆ.

“ನಮ್ಮ ಮನೇಲಿ ಎಲ್ರಿಗೂ ದೀಕ್ಷಾಸ್ನಾನ ಇದರಲ್ಲೇ ಅಣ್ಣ. ಆದವರಿಗೆಲ್ಲ ಒಂದೊಂದು ಶಿಲುಬೆ ಹೊಲೀತಾರೆ. ಇದು ನಂದು. ಇದು, ಸೊಟ್ಟಗಿದೆಯಲ್ಲ, ಅಪ್ಪಂದು. ಹೊಲಿದ ಅಜ್ಜಿಗೆ ಕಣ್ಣು ಮಂಜಿತ್ತಂತೆ.”

ನನ್ನ ಕೈ ನಿಂತಿತು. ನೀವು ಯಾವಾಗಿನಿಂದ ಕ್ರೈಸ್ತರು ಎಂದು ಹೇಗೋ ಕೇಳಿದೆ. ಯಾವಾಗಿಂದ ಅಂತ ಯಾರಿಗೂ ಗೊತ್ತಿಲ್ಲ, ನಮ್ಮ ಬೀದಿ ಪೂರ್ತಿ ಹೀಗೇ ಎಂದಳು. ಹೊರಗಿನಿಂದ ಬಂದವರೆಲ್ಲ ಇಲ್ಲಿ ಒಂಬತ್ತು ತಿಂಗಳು ಕಾಯಬೇಕು, ಅದು ಇಲ್ಲಿಯ ಪದ್ಧತಿ ಎಂದು ಅಪ್ಪ ಅವಳಿಗೆ ಹೇಳಿದ್ದರಂತೆ. ಭಾನುವಾರ ಸಭೆಗೆ ಸೇರಿಸಿಕೊಳ್ಳುತ್ತಾರೆ ಎಂದಷ್ಟೇ ಹೇಳಿದ್ದರು. ದೀಕ್ಷಾಸ್ನಾನದ ಮಾತನ್ನು ಮಗಳಿಗೆ ಹೇಳಿರಲಿಲ್ಲ.

“ಕಾಯೋದಕ್ಕೆ ಅಪ್ಪ ಬೇಜಾರು ಮಾಡ್ಕೊಳ್ಳಲಿಲ್ಲ ಅಣ್ಣ. ಅಮ್ಮ ಹೋಗಿ ವರ್ಷ ತುಂಬಿದ ದಿನ ಮಾತ್ರ ರೊಟ್ಟಿ ತಗೋಬೇಕು ಅಂತ ಆಸೆ ಇತ್ತು. ಅಂಗಿ ಎಲ್ಲ ತೀಡ್ಕೊಂಡು ಹೋಗಿದ್ರು. ಆ ದಿನ ಮನೆಗೆ ಬಂದು ಅಂಗಿ ಮಡಚಿಟ್ಟು ಮಲಗಿಬಿಟ್ರು.”

ಪಕ್ಕದಲ್ಲಿ ಆಸ್ಪತ್ರೆಯ ಬೆಡ್‌ಶೀಟಿನ ಮೇಲೆ ಇಸ್ತ್ರಿ ಪೆಟ್ಟಿಗೆ ಬಿಟ್ಟಿದ್ದೆ. ಪಾದ್ರಿ, ಏನೋ ಸೀದ ವಾಸನೆ ಎಂದು ಬಾಯ್ಲರಣ್ಣ ಆ ಕಡೆಯಿಂದ ಕೂಗಿದ. ಇಪ್ಪತ್ತಾರು ವರ್ಷದಲ್ಲಿ ನಾನು ಸುಟ್ಟ ಮೊದಲ ಬಟ್ಟೆ ಅದು. ಅವನನ್ನು ನೋಡುವುದಕ್ಕೂ ನಾಚಿಕೆಯಾಯಿತು. ಬಿಳಿಯರ ಧರ್ಮ ಎಂದು ಅವನು ಬಾಯಲ್ಲಿ ಹೇಳುತ್ತಿದ್ದ, ಅಷ್ಟೆ. ನಾನು ಒಬ್ಬ ಮುದುಕರ ಮುಖ ನೋಡಿ ಅದನ್ನೇ ಅರ್ಜಿಯ ಮೇಲೆ ಬರೆದಿದ್ದೆ. ಅಪ್ಪನ ಕಾಲಕ್ಕೆ ನಂಬಿಕೆಗೆ ಬಂದ ಮನೆಯ ನಾನು, ಎಷ್ಟು ತಲೆಮಾರೋ ಗೊತ್ತಿಲ್ಲದವರನ್ನು ಬಾಗಿಲ ಹತ್ತಿರ ಕೂರಿಸಿದ್ದೆ.

ಸಂಜೆ ಅವರ ಮನೆಗೆ ಹೋದೆ. ಟೈರ್ ಅಂಗಡಿಯ ಮೇಲೆ ಒಂದೇ ಕೋಣೆ. ತಾತ ಲೋಟ ತೊಳೆಯುತ್ತಿದ್ದರು. ಇದ್ದ ಒಂದು ಕುರ್ಚಿಯನ್ನು ನನಗೆ ಕೊಟ್ಟು ತಾವು ಹಾಸಿಗೆಯ ಮೇಲೆ ಕೂತರು. ಇಸ್ತ್ರಿ ಮಾಡಿದ ಕೂಸಿನ ಅಂಗಿಯನ್ನು ಅವರ ಕೈಗೆ ಕೊಟ್ಟೆ. ಅರ್ಜಿಯಲ್ಲಿ ‘ಇಲ್ಲ’ ಎಂದು ಬರೆದವನು ನಾನೇ ಎಂದೂ, ವರ್ಷದ ದಿನ ನಿಮ್ಮನ್ನು ಕೂರಿಸಿದೆ ಎಂದೂ ಹೇಳಿದೆ. ಹೇಳುತ್ತಾ ಅತ್ತುಬಿಟ್ಟೆ. ಅಳಬೇಕಾದವರು ಅವರು.

“ನಾನೂ ಊರಲ್ಲಿ ಇದೇ ಪಾಠ ಹೇಳ್ತಿದ್ದೆ, ಮೇಷ್ಟ್ರೇ. ಮೂವತ್ತು ವರ್ಷ,” ಎಂದರು ತಾತ. ಅಂಗಿಯ ಮಡಿಕೆಯನ್ನು ಬೆರಳಲ್ಲಿ ಸವರಿ ನೋಡಿದರು. “ನೀವು ಚೆನ್ನಾಗಿ ಹೇಳ್ತೀರಿ. ಎರಡು ಕಡೆ ತಪ್ಪಿದೆ.”

“ಯಾವುದು ತಾತ?”

“ಆಮೇಲೆ ಹೇಳ್ತೀನಿ. ಈಗ ಅಳ್ತಾ ಇದ್ದೀರಿ, ತಲೆಗೆ ಹೋಗಲ್ಲ.”

ಮರುದಿನ ಅಯ್ಯನವರ ಬಳಿ ಹೋದೆ. ಇಡೀ ದಾರಿ ಬಾಯಿಪಾಠ ಮಾಡಿಕೊಂಡದ್ದೇ ಬೇರೆ, ಅಲ್ಲಿ ಹೇಳಿದ್ದೇ ಬೇರೆ. ಅವತ್ತು ಅವಸರದಲ್ಲಿ ಅರ್ಜಿ ತುಂಬಿಸಿದೆ, ಒಂದು ಕಡೆ ತಪ್ಪಾಯಿತು ಎಂದೆ. ಅವತ್ತು ನನಗೆ ಯಾವ ಅವಸರವೂ ಇರಲಿಲ್ಲ. ಭಾನುವಾರ ಅಯ್ಯನವರು ತಾತನ ಕೈ ಹಿಡಿದು ಕ್ಷಮೆ ಕೇಳಿದರು. ಬರಹದ ಸಣ್ಣ ತಪ್ಪಿನಿಂದ ನಮ್ಮ ಹಿರಿಯರೊಬ್ಬರು ಕಾಯಬೇಕಾಯಿತು ಎಂದು ಸಭೆಗೆ ಹೇಳಿದರು. ಜನ ಪ್ರೀತಿಯಿಂದ ನಕ್ಕರು. ನಾನೂ ತಲೆ ತಗ್ಗಿಸಿ ನಕ್ಕೆ. ಎದ್ದು ನಿಂತು ನಿಜ ಹೇಳಬಹುದಿತ್ತು, ಹೇಳಲಿಲ್ಲ. ಇಲ್ಲಿ ಬರೆಯುತ್ತಿರುವುದೇ ಮೊದಲು.

ಆ ದಿನ ತಾತ ಸಾಲಿನಲ್ಲಿ ಹೋಗಿ ರೊಟ್ಟಿ ತೆಗೆದುಕೊಂಡರು. ಮುಂದಿನ ಬೆಂಚಿನವರು ಸರಿದು ಜಾಗ ಮಾಡಿಕೊಟ್ಟರೂ ಅಲ್ಲಿ ಕೂರದೆ, ಟೊಪ್ಪಿ ಹಿಡಿದುಕೊಂಡು ಕೊನೆಯ ಬೆಂಚಿಗೆ ಬಂದು ನನ್ನ ಪಕ್ಕದಲ್ಲೇ ಕೂತರು. ಬಾಯಿ ಇನ್ನೂ ಮೆಲ್ಲಗೆ ಅಲ್ಲಾಡುತ್ತಿತ್ತು. ನಾನು ಆ ಕಡೆ ತಿರುಗಲಿಲ್ಲ.

ಆಮೇಲೂ ಎರಡು ಗುರುವಾರ, ಮುಂದಿನ ತಂಡದ ತರಗತಿಗೆ, ತಾತ ಬಂದರು. ನೀವು ಬರಬೇಕಾಗಿಲ್ಲ ತಾತ ಎಂದರೆ ತಲೆ ಆಡಿಸಿ ಅದೇ ಮುಂದಿನ ಕುರ್ಚಿ ಹಿಡಿದರು. ನಾನು ಪ್ರತಿ ವಾಕ್ಯಕ್ಕೂ ಅವರ ಮುಖ ನೋಡುತ್ತಿದ್ದೆ, ಎಲ್ಲಾದರೂ ಹುಬ್ಬು ಏರುತ್ತದೆಯೇ ಎಂದು. ಏರಲಿಲ್ಲ. ಮೂರನೆಯ ವಾರ ಮಗಳಿಗೆ ಅಣ್ಣನ ಊರಿನಲ್ಲೇ ಕೆಲಸ ಸಿಕ್ಕಿ, ಇಬ್ಬರೂ ಎರಡೇ ದಿನದಲ್ಲಿ ಹೊರಟುಬಿಟ್ಟರು. ನಾನು ಪಾಳಿಯಲ್ಲಿದ್ದೆ. ಕಾಗದ ಬರೆದೆ, ಉತ್ತರ ಬರಲಿಲ್ಲ. ವಿಳಾಸ ಸರಿಯಿತ್ತೋ ಇಲ್ಲವೋ.

ಈಗ ಮೂರನೆಯ ಪ್ರಶ್ನೆಯನ್ನು ನಾನು ಎಲ್ಲರಿಗೂ ಕೇಳುತ್ತೇನೆ, ಮೊದಲು ಅದನ್ನೇ ಕೇಳುತ್ತೇನೆ. ಪಾಠ ಮಾತ್ರ ಹಳೆಯದೇ, ಅದೇ ಟಿಪ್ಪಣಿ ಪುಸ್ತಕ. ನಾನು ಕೇಳದೇ ಹೋದರೂ ತಾತ ತಾವಾಗಿಯೇ ಯಾಕೆ ಹೇಳಲಿಲ್ಲವೋ ಗೊತ್ತಿಲ್ಲ. ಆ ಶುಕ್ರವಾರ ಅಂಗಿ ನನ್ನ ಕೈಗೆ ಬರದಿದ್ದರೆ ಭಾನುವಾರ ನೀರಿಗೆ ತಲೆ ಒಡ್ಡುತ್ತಿದ್ದರೋ, ಒಂದು ಚೂರು ರೊಟ್ಟಿಗಾಗಿ ಆ ಸೊಟ್ಟ ಶಿಲುಬೆಯನ್ನು ಸುಳ್ಳು ಅನ್ನಿಸಿಕೊಳ್ಳಲು ಬಿಡುತ್ತಿದ್ದರೋ, ಅದೂ ಗೊತ್ತಿಲ್ಲ. ಪಾಠದಲ್ಲಿರುವ ಆ ಎರಡು ತಪ್ಪು ಯಾವುವು ಎಂಬುದು ಇವತ್ತಿಗೂ ನನಗೆ ಗೊತ್ತಾಗಿಲ್ಲ.