ಎರಡನೆಯ ಬದಿಯ ಮೂರನೆಯ ಹಾಡು

ಮೊಸರಲ್ಲಿ ಕಲ್ಲು ಹುಡುಕುವುದೇ ನನ್ನ ಉದ್ಯೋಗ. ತಮಾಷೆಯಲ್ಲ, ಅದಕ್ಕೇ ನನಗೆ ಸಂಬಳ. ನಮ್ಮದು ಹಾಡಿನ ರೆಕಾರ್ಡುಗಳನ್ನು ಒತ್ತುವ ಕಾರ್ಖಾನೆ. ನೂರಾರು ಪ್ರತಿ ಒತ್ತುವ ಮೊದಲು ಐದು ಮಾದರಿ ತೆಗೆದು ನನ್ನ ಕೋಣೆಗೆ ಕಳಿಸುತ್ತಾರೆ. ನಾನು ಬಾಗಿಲು ಹಾಕಿಕೊಂಡು, ಹೆಡ್‌ಫೋನ್ ಏರಿಸಿ, ಎಲ್ಲಿ ಟಕ್ ಎಂದಿತು, ಎಲ್ಲಿ ಚರಚರ ಎಂದಿತು ಎಂದು ನಿಮಿಷ, ಸೆಕೆಂಡು ಸಮೇತ ಹಾಳೆಯಲ್ಲಿ ಬರೆಯುತ್ತೇನೆ. ಹಾಡು ಕೇಳುವುದಿಲ್ಲ. ಹಾಡು ಕೇಳುತ್ತ ಕೂತರೆ ಸದ್ದು ತಪ್ಪಿಹೋಗುತ್ತದೆ. ಹತ್ತೊಂಬತ್ತು ವರ್ಷ ಹೀಗೇ ಮಾಡಿ ಈಗ ಮನೆಯಲ್ಲಿ ರೇಡಿಯೊ ಹಾಕಿದರೂ ನನಗೆ ಕೇಳಿಸುವುದು ಅದರ ಸಡಿಲಾದ ಸ್ಕ್ರೂ ಮಾತ್ರ. "ಅಮ್ಮನ ಎದುರಿಗೆ ಯಾರೂ ಹಾಡ್ಬೇಡ್ರಪ್ಪ, ಮೂಗು ಕಟ್ಟಿರೋದನ್ನೂ ಟೈಮ್ ಹಾಕಿ ಬರ್ಕೋತಾಳೆ" ಎಂದು ಮಗಳು ಬಂದವರಿಗೆಲ್ಲ ಎಚ್ಚರಿಕೆ ಕೊಡುತ್ತಾಳೆ.

ಆ ಸೋಮವಾರ ಬೆಳಿಗ್ಗೆ, ಒತ್ತುವ ಯಂತ್ರ ನೋಡಿಕೊಳ್ಳುವ ನನ್ನ ಮೈದುನ ಐದು ಮಾದರಿಗಳನ್ನು ತಂದು ಮೇಜಿನ ಮೇಲಿಟ್ಟ.

"ಅತ್ತಿಗೆ, ಇದನ್ನ ಬೇಗ ನೋಡ್ಬಿಡಿ. ಒಂಬತ್ತು ಜನರ ತಂಡ, ಆರು ವರ್ಷ ಒದ್ದಾಡಿ ಇದೊಂದನ್ನ ಮಾಡಿದಾರೆ. ಇನ್ನು ಹನ್ನೆರಡು ದಿನಕ್ಕೆ ಅವರ ಕಾರ್ಯಕ್ರಮ. ಇವತ್ತು ನೀವು ಸರಿ ಅಂದ್ರೆ ನಾಳೆಯಿಂದ ಒತ್ತೋಕೆ ಶುರು. ಇಲ್ಲಾಂದ್ರೆ ಹೊಸ ಅಚ್ಚು ಆಗ್ಬೇಕು, ಎರಡು ತಿಂಗಳು."

"ಎಂಥ ಸಂಗೀತ?"

"ಹಾಡೋಳು ಸೋಲ್ ಅಂತಾಳೆ, ಟ್ರಂಪೆಟ್ ಊದೋನು ಜಾಝ್ ಅಂತಾನೆ, ಡ್ರಮ್ಸ್‌ನವನು ಆಫ್ರೋಬೀಟ್ ಅಂತಾನೆ. ನೀವು ಹೇಗೂ ಹಾಡು ಕೇಳಲ್ವಲ್ಲ, ಏನಾದ್ರೇನು ಬಿಡಿ."

ರೆಕಾರ್ಡಿನ ಮೇಲೆ ಮುಳ್ಳು ಇಟ್ಟೆ. ಮೊದಲು ಬಂದದ್ದು ಬೇಸ್ ಗಿಟಾರು, ಐದೇ ಸ್ವರ, ಸುತ್ತಿ ಸುತ್ತಿ ಅವೇ. ಅದರ ಮೇಲೆ ಎರಡು ಸಣ್ಣ ಗಿಟಾರುಗಳು ಜಡೆ ಹೆಣೆದ ಹಾಗೆ ಒಂದರೊಳಗೊಂದು ಸೇರಿಕೊಂಡವು. ಡ್ರಮ್ಮಿನವನಂತೂ ಎರಡೇ ಕೈಯಲ್ಲಿ ನಾಲ್ಕು ಜನರ ಕೆಲಸ ಮಾಡುತ್ತಿದ್ದ, ಅದೂ ಎಲ್ಲೂ ಗಡಿಬಿಡಿಯಿಲ್ಲದೆ. ಮೂರು ನಿಮಿಷ ಕಾಯಿಸಿದ ಮೇಲೆ ಟ್ರಂಪೆಟ್ಟು, ಸ್ಯಾಕ್ಸೊಫೋನುಗಳೆಲ್ಲ ಒಟ್ಟಿಗೆ ಎದ್ದವು. ಆಮೇಲೆ ಅವಳು ಹಾಡಿದಳು. ಎಳೆಯ ದನಿಯಲ್ಲ, ಬಾಳಿ ಬದುಕಿದ ದನಿ. ಒಂದೇ ಸಾಲನ್ನು ಎಂಟು ಸಲ ಹಾಡಿದಳು, ಎಂಟು ಸಲವೂ ಅದು ಆಗಷ್ಟೇ ಅವಳಿಗೆ ಹೊಳೆದ ಹಾಗಿತ್ತು.

ಎರಡೂ ಬದಿ ಮುಗಿದವು. ಹಾಳೆ ನೋಡಿಕೊಂಡರೆ ಒಂದಕ್ಷರವಿಲ್ಲ. ಚಪ್ಪಲಿ ಯಾವಾಗ ಕಳಚಿದೆನೋ, ಒಂದು ಮೇಜಿನಡಿ, ಇನ್ನೊಂದು ಬಾಗಿಲ ಹತ್ತಿರ ಬಿದ್ದಿತ್ತು. ರೆಕಾರ್ಡು ಅಷ್ಟು ಶುದ್ಧವಾಗಿದೆಯೋ, ನಾನೇ ಸದ್ದು ಹುಡುಕುವುದನ್ನು ಮರೆತೆನೋ ತಿಳಿಯಲಿಲ್ಲ. ಇನ್ನೊಮ್ಮೆ ಹಾಕಿದೆ. ಮತ್ತೆ ಅದೇ ಕಥೆ. ಮೂರನೆಯ ಸಲ ಹೆಡ್‌ಫೋನ್ ಬಿಟ್ಟು ಸ್ಪೀಕರ್ ಹಾಕಿ, ಮೈದುನನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ.

"ಎಷ್ಟು ಸದ್ದು ಸಿಕ್ತು?" ಎಂದು ಕೊನೆಯಲ್ಲಿ ಕೇಳಿದೆ.

"ಯಾವ ಸದ್ದು ಅತ್ತಿಗೆ?" ಎಂದ. ಭುಜ ಇನ್ನೂ ಕುಣಿಯುತ್ತಲೇ ಇತ್ತು. ಎದ್ದು ಹೋಗಪ್ಪ ಎಂದು ಕಳಿಸಿದೆ.

ನನ್ನ ಮೇಲೆ ನನಗೇ ಸಿಟ್ಟು ಬಂತು. ಈ ಸಲ ಅರ್ಧ ನಿಮಿಷಕ್ಕೊಮ್ಮೆ ಮುಳ್ಳು ಎತ್ತಿ ಎತ್ತಿ ಇಟ್ಟೆ, ಹಾಡು ನನ್ನನ್ನು ಎಳೆದುಕೊಂಡು ಹೋಗುವಷ್ಟು ಹೊತ್ತು ಕೊಡಲೇ ಇಲ್ಲ. ಸಿಕ್ಕಿಬಿಟ್ಟಿತು. ಎರಡನೆಯ ಬದಿಯ ಮೂರನೆಯ ಹಾಡು. ವಾದ್ಯಗಳೆಲ್ಲ ಒಮ್ಮೆಲೇ ನಿಂತು, ಅವಳೊಬ್ಬಳೇ ನಿಧಾನವಾಗಿ ಉಸಿರು ಎಳೆದುಕೊಂಡು ದನಿ ಎತ್ತುತ್ತಾಳಲ್ಲ, ಅಲ್ಲಿ. ಟಕ್. ಟಕ್. ಟಕ್. ಉಳಿದ ನಾಲ್ಕು ಮಾದರಿಗಳಲ್ಲೂ ಅದೇ ಜಾಗ. ಹಾಗಿದ್ದರೆ ಧೂಳಲ್ಲ, ಅಚ್ಚಿನಲ್ಲೇ ದೋಷ. ಬರೆಯಲು ಕೈ ಬರಲಿಲ್ಲ. ಆದರೂ ಬರೆದೆ.

ಮಧ್ಯಾಹ್ನ ಹಾಡುಗಾರ್ತಿಯೇ ಬಂದಳು. ನನ್ನ ವಯಸ್ಸಿನವಳೇ, ಕಂಕುಳಲ್ಲಿ ಕಾರ್ಯಕ್ರಮದ ಭಿತ್ತಿಪತ್ರಗಳ ಸುರುಳಿ. ನಮ್ಮಲ್ಲಿ ಕೊನೆಯ ಮಾತು ಗಿರಾಕಿಯದು. ದೋಷ ತೋರಿಸಿದ ಮೇಲೂ ಅವರು 'ಇದ್ದ ಹಾಗೇ ಒತ್ತಿ' ಎಂಬ ಸಾಲಿನ ಮುಂದೆ ಸಹಿ ಹಾಕಿದರೆ ಒತ್ತಲೇಬೇಕು.

ಹಾಡು ಹಾಕಿದೆ. ಕಣ್ಣು ಮುಚ್ಚಿ ಕೇಳಿ, "ಎಲ್ಲಿದೆ?" ಎಂದಳು. ಇನ್ನೊಮ್ಮೆ ಹಾಕಿ ಮೂರು ಸಲ ಬೆರಳೆತ್ತಿ ತೋರಿಸಿದೆ. ಅವಳ ಮುಖ ಸಣ್ಣದಾಯಿತು.

"ನಿಮಗೆ ಮೊದಲ್ನೇ ಸಲವೇ ಕೇಳಿಸ್ತಾ?"

ಸುಳ್ಳು ಹೇಳಬಹುದಿತ್ತು. "ಇಲ್ಲ. ಮೂರು ಸಲ ಕೇಳಿದ್ರೂ ಗೊತ್ತಾಗ್ಲಿಲ್ಲ. ಮೈಮರೆತುಬಿಟ್ಟಿದ್ದೆ" ಎಂದೆ.

"ಮತ್ತಿನ್ನೇನು! ಇದೇ ಕೆಲಸ ಮಾಡೋ ನಿಮ್ಮ ಕಿವಿಗೇ ಸಿಗದೆ ಇದ್ದದ್ದು ಇನ್ಯಾರಿಗೆ ಸಿಗುತ್ತೆ?" ಎನ್ನುತ್ತ ಪೆನ್ನಿನ ಮುಚ್ಚಳ ತೆಗೆದಳು. "ಕಾರ್ಯಕ್ರಮದ ಮಾರನೇ ದಿನ ಡ್ರಮ್ಸ್‌ನವನು ಊರು ಬಿಟ್ಟು ಹೊರಟುಹೋಗ್ತಾನೆ. ಒಂಬತ್ತು ಜನ ಮತ್ತೆ ಒಟ್ಟಿಗೆ ಸೇರ್ತೀವೋ ಇಲ್ವೋ. ಅವತ್ತು ಎಲ್ಲರ ಕೈಗೂ ಒಂದೊಂದು ರೆಕಾರ್ಡ್ ಕೊಡ್ಬೇಕು ಅಂತ ಆಸೆ ಕಣ್ರೀ. ಅಷ್ಟೇ."

ಸಹಿ ಹಾಕಿ ಎಂದುಬಿಟ್ಟರೆ ಅವಳಿಗೂ ಸುಖ, ನನಗೂ ಸುಖ. ಆದರೆ ಆ ಉಸಿರು ನನ್ನ ಕಿವಿಯಲ್ಲೇ ಕೂತಿತ್ತು.

"ಒಂದ್ಸಲ ಕೇಳೋರಿಗೆ ಗೊತ್ತಾಗಲ್ಲ" ಎಂದೆ. "ಹತ್ತು ಸಲ ಕೇಳಿದೋರಿಗೂ ಗೊತ್ತಾಗಲ್ವೇನೋ. ಆದ್ರೆ ನೂರು ಸಲ ಕೇಳೋರಿಗೆ ಹಾಡು ಪೂರ್ತಿ ಬಾಯಿಪಾಠ ಆಗಿರುತ್ತೆ. ನೀವು ಅಲ್ಲಿ ಯಾವಾಗ ಉಸಿರು ತಗೋತೀರ ಅಂತ್ಲೇ ಕಾಯ್ತಾ ಇರ್ತಾರೆ. ಅವರಿಗೆ ಕೇಳಿಸುತ್ತೆ."

ಅವಳು ನಕ್ಕಳು. ಅದು ಸಂತೋಷದ ನಗುವಾಗಿರಲಿಲ್ಲ.

"ನೂರು ಸಲವಾ? ಆರು ವರ್ಷದಲ್ಲಿ ನಮ್ಮನ್ನ ಕೂತು ಪೂರ್ತಿ ಒಂದ್ಸಲ ಕೇಳಿದೋರೇ ಕಮ್ಮಿ. ಯಾರ್ರೀ ಕೇಳ್ತಾರೆ ಇದನ್ನ ನೂರು ಸಲ?"

"ನಾನು" ಎಂದೆ.

ಅವಳು ಭಿತ್ತಿಪತ್ರಗಳ ಸುರುಳಿಯನ್ನು ಮೇಜಿನ ಕೆಳಗಿಟ್ಟಳು. ಆಮೇಲೆ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡು, 'ಹೊಸ ಅಚ್ಚು ಬೇಕು' ಎಂಬ ಸಾಲಿನ ಮುಂದೆ ಸಹಿ ಹಾಕಿದಳು.

"ಎರಡೇ ತಿಂಗಳು ತಾನೇ?" ಎಂದಳು.