ಗಡಿ ದಾಟದ ವಿಮೆ

ಅಕ್ಕನ ಹೊಲಿಗೆ ಅಂಗಡಿಯ ಒಡೆದ ಗೋಡೆಯನ್ನು ಬೇಕರಿ ನಡೆಸುವ ತಮ್ಮ ಮುಂದೆ ನಿಂತು ಕಟ್ಟಿಸಿಕೊಟ್ಟಿದ್ದ. ಅಂಗಡಿ ಮತ್ತೆ ಮೊದಲಿನಂತೆಯೇ ಕಾಣುತ್ತಿತ್ತು. ಅಕ್ಕನ ಬಲಗೈ ಮಾತ್ರ ಇನ್ನೂ ಪ್ಲಾಸ್ಟರಿನಲ್ಲಿತ್ತು.

ತಿಂಗಳ ಹಿಂದೆ ಪಕ್ಕದ ದೇಶದ ಕಾರೊಂದು ಹಾಡುಹಗಲೇ ಅಂಗಡಿಗೆ ನುಗ್ಗಿ ಅವಳ ಮಣಿಕಟ್ಟು ಮುರಿದಿತ್ತು. "ಗಾಬರಿಯಾಗ್ಬೇಡಿ, ಇನ್ಶೂರೆನ್ಸ್ ಇದೆ" ಎಂದು ಅದರ ಯಜಮಾನ ಕಾಗದ ತೋರಿಸಿದ್ದ. ಆ ಕಾಗದ ಗಡಿಯ ಈಚೆ ನಡೆಯುವುದಿಲ್ಲವೆಂದು ಅವನ ಕಂಪನಿ ಕೈ ತೊಳೆದುಕೊಂಡಿತು. ಅವನು ತನ್ನ ಊರು ಸೇರಿಕೊಂಡ. ಅಕ್ಕ ಕತ್ತರಿ ಹಿಡಿಯಲಾಗದೆ ಕುಳಿತಳು.

ಈಗ ನೋಡಿದರೆ ಈ ತಮ್ಮನೇ ಹೆಂಡತಿ ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಅದೇ ದೇಶಕ್ಕೆ ಹೊರಟು ಅಂಗಡಿಯ ಮುಂದೆ ನಿಂತಿದ್ದ.

"ಇನ್ಶೂರೆನ್ಸ್ ಮಾಡಿಸಿದ್ಯೇನೋ?"

"ಇದೆಯಲ್ಲಕ್ಕಾ. ಕಡ್ಡಾಯ ಅಂತ ಕಟ್ಟೇ ಕಟ್ಟಿದ್ದೀನಿ."

"ಅವನೂ ಇದನ್ನೇ ಹೇಳಿದ್ದು!" ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು.

ಅಂಗಡಿಗೆಂದು ಅಕ್ಕನೇ ಮಾಡಿಸಿದ್ದ ವಿಮೆಯ ಪರಿಹಾರದ ಅರ್ಜಿಗೆ ಅವಳ ಎಡಗೈ ಸಹಿ ಹಾಕಿಸಲು ಬಂದಿದ್ದ, ಊರಿನ ವಿಮಾ ಕಚೇರಿಯ ಮೇಡಂ ತಮ್ಮನ ಕಾಗದ ತೆಗೆದುಕೊಂಡು ಓದಿದರು.

"ಇದು ಗಡಿವರೆಗೆ ಮಾತ್ರ. ಕಡ್ಡಾಯ ವಿಮೆ ಎಲ್ಲ ದೇಶದಲ್ಲೂ ಒಂದೇ ಥರ ಇರಲ್ಲಪ್ಪ. ಕೆಲವು ಕಡೆ ಜನಕ್ಕೆ ಪೆಟ್ಟಾದ್ರೆ ಮಾತ್ರ ಪರಿಹಾರ, ಕೆಲವು ಕಡೆ ಒಡೆದ ಗೋಡೆಗೂ ಉಂಟು. ಕೆಲವು ದೇಶದವರು ಒಪ್ಪಂದ ಮಾಡ್ಕೊಂಡು ಒಬ್ಬರ ಕಾಗದ ಇನ್ನೊಬ್ಬರು ಒಪ್ತಾರೆ. ಈ ಎರಡು ದೇಶದ ನಡುವೆ ಅದೂ ಇಲ್ಲ."

"ರಸ್ತೆ ಒಂದೇ ಅಲ್ವಾ ಮೇಡಂ? ಗಡೀಲಿ ಯಾರು ನೋಡ್ತಾರೆ? ನಾನು ಹುಷಾರಾಗೇ ಓಡಿಸ್ತೀನಿ."

ಅಕ್ಕ ಎದ್ದು ಬಂದು ಪ್ಲಾಸ್ಟರಿನ ಕೈಯನ್ನು ಅವನ ಮುಖಕ್ಕೆ ಹಿಡಿದಳು.

"ಅಲ್ಲೂ ಯಾವಳೋ ಒಬ್ಬಳು ಹೊಲೀತಾ ಕೂತಿರ್ತಾಳೆ ಕಣೋ. ನೀನು ಗುದ್ದಿ ಬಂದ್ರೆ ಅವಳಿಗೆ ಯಾರು ದಿಕ್ಕು? ಅವನಿಗೆ ಬಾಯಿಗೆ ಬಂದ ಹಾಗೆ ಬೈದೆಯಲ್ಲ, ನಿನಗೂ ಅವನಿಗೂ ಏನೋ ವ್ಯತ್ಯಾಸ?"

ತಮ್ಮನ ಹೆಂಡತಿ ಮಕ್ಕಳನ್ನು ಕರೆದುಕೊಂಡು ಕಾರಿನಿಂದ ಇಳಿದಳು. "ಅತ್ತಿಗೆ ಹೇಳೋದು ಸರಿ. ಕಾಗದ ಸರಿ ಮಾಡಿಸ್ಕೊಂಡು ಬನ್ನಿ. ಅಲ್ಲೀವರೆಗೂ ನಾವು ಇಲ್ಲೇ ಇರ್ತೀವಿ."

ಅವನು ಮೇಡಂ ಹಿಂದೆಯೇ ಕಚೇರಿಗೆ ಹೋದ. ಆ ದೇಶದಲ್ಲೂ ನಡೆಯುವ ಬೇರೆ ವಿಮೆ ಮಾಡಿಸಿಕೊಂಡು ಅರ್ಧ ಗಂಟೆಯಲ್ಲಿ ವಾಪಸು ಬಂದ.

ಸಮಾಧಾನವಾಗಬೇಕಿದ್ದ ಅಕ್ಕನ ಕಣ್ಣು ಕೆಂಪಾಯಿತು. "ಅರ್ಧ ಗಂಟೆ ಕೆಲಸಾನಾ ಇದು? ಇಷ್ಟು ಮಾಡೋಕೂ ಆಗಲಿಲ್ವಾ ನನಗೆ ಗುದ್ದಿದವನಿಗೆ?"

ಕಾರು ತೆಗೆದುಕೊಂಡು ಗಡಿ ದಾಟುವವರೇ, ಮನೆಯಲ್ಲಿರುವ ವಿಮೆಯ ಕಾಗದವನ್ನು ಇವತ್ತೇ ತೆಗೆದು ಓದಿ. ಹೋಗುವ ದೇಶದಲ್ಲಿ ಅದು ನಡೆಯುತ್ತದೆಯೇ, ಯಾವುದಕ್ಕೆ ಎಷ್ಟು ಪರಿಹಾರ ಸಿಗುತ್ತದೆ ಎಂದು ವಿಮಾ ಕಚೇರಿಯಲ್ಲಿ ಕೇಳಿ, ಬರಹದಲ್ಲಿ ಪಡೆದೇ ಹೊರಡಿ. ನಿಮ್ಮ ಕಾರಿಗೆ ಸಿಕ್ಕವರು ನಿಮ್ಮ ಅಕ್ಕ ಅಲ್ಲದಿರಬಹುದು. ಅವರೂ ಯಾರಿಗೋ ಅಕ್ಕನೇ.