ಬುಡಕ್ಕೆ ಹಾಕಿದ ಕೆಸರು

ಕಾಲುವೆಗಳ ನಡುವೆ ಮೂರು ಏರಿಗಳ ಮೇಲೆ ಬೆಳೆದ ಲುವಾಳ ಚಕ್ಕೋತದ ತೋಟದಲ್ಲಿ ಅವಳ ಮೈದುನ ಬೆನ್‌ನ ಕಣ್ಣು ಚುಚ್ಚುತ್ತಿದ್ದದ್ದು ಒಂದೇ ಒಂದು ಮರ. ಗಡಿ ಕಾಲುವೆಯ ಅಂಚಿನಲ್ಲಿದ್ದ ಆ ಮುದಿ ಮರದ ನೆರಳು ಮಧ್ಯಾಹ್ನ ತಿರುಗುತ್ತಲೇ ಆಚೆ ದಡದ ಅವನ ಸಸಿಮಡಿಯ ಮೇಲೆ ಬೀಳುತ್ತಿತ್ತು. ಕಡಿಸಿಬಿಡಿ ಎಂದು ಎರಡು ವರ್ಷ ಕೇಳಿದ. “ನಿನ್ನ ಸಸಿ ಆ ಕಡೆ ಇಟ್ಕೊಳ್ಳೋ, ಜಾಗಕ್ಕೇನು ಬರ?” ಎಂದು ಅವಳು ಎರಡು ವರ್ಷವೂ ಅದೇ ಉತ್ತರ ಕೊಟ್ಟಳು. ಗಂಡ ಸತ್ತ ಮೇಲೆ ಆ ಮನೆಯಲ್ಲಿ ಅವಳಿಗೆ ಎದುರಾಡುವವರೂ ಇರಲಿಲ್ಲ, ಜೊತೆಗೆ ನಿಲ್ಲುವವರೂ ಇರಲಿಲ್ಲ.

ಆ ವರ್ಷ ಮಳೆಗೆ ಮುಂಚೆ, ಎಲ್ಲರೂ ಕಾಲುವೆಯ ಕೆಸರೆತ್ತಿ ಮರಗಳ ಬುಡಕ್ಕೆ ಹಾಕುವ ಹೊತ್ತಿಗೆ, ಲುವಾ ಮಗಳ ಬಾಣಂತನಕ್ಕೆಂದು ಕಾನ್ ಥೋ ಪಟ್ಟಣಕ್ಕೆ ಹೋಗಿದ್ದಳು. ತಿರುಗಿ ಬಂದು ನೋಡಿದರೆ ಮುದಿ ಮರದ ಬುಡಕ್ಕೆ ಮೊಣಕಾಲೆತ್ತರ ಕೆಸರು ಬಿದ್ದಿತ್ತು.

“ನಮ್ಮದಕ್ಕೆ ಹಾಕ್ತಾ ಇದ್ದೆ, ನಿಮ್ಮದಕ್ಕೂ ನಾಲ್ಕು ಬುಟ್ಟಿ ಸುರಿದೆ ಅತ್ತಿಗೆ. ಒಬ್ಬರೇ ಎಷ್ಟೂಂತ ಮಾಡ್ತೀರಿ?” ಎಂದ ಬೆನ್.

ಅವಳಿಗೆ ನಾಚಿಕೆಯಾಯಿತು. ಇಂಥವನನ್ನು ಸುಮ್ಮನೆ ತಪ್ಪು ತಿಳಿದುಕೊಂಡೆನಲ್ಲ ಎಂದು ಅವತ್ತೇ ಬೆಲ್ಲ ಹಾಕಿ ಕುದಿಸಿದ ಮೀನಿನ ಪಾತ್ರೆ ಹಿಡಿದು ಕಾಲುವೆ ದಾಟಿದಳು.

ಆ ಸಲ ಮರ ಹುಚ್ಚು ಹಿಡಿದಂತೆ ಹೂ ಬಿಟ್ಟಿತು. ಕೊಂಬೆ ಕೊಂಬೆಗೂ ಕಾಯಿ. ನೋಡಿದವರೆಲ್ಲ ಹೊಗಳಿದರು. ಲುವಾಳಿಗೆ ಮಾತ್ರ ಸಮಾಧಾನವಿಲ್ಲ. ಸುತ್ತಲಿನ ತೋಟಗಳಲ್ಲಿ ರೆಂಬೆಯ ತೊಗಟೆ ಸುಲಿದು, ಕೆಸರು ಸುತ್ತಿ, ಬೇರು ಬರಿಸುವ ಗೂಟಿ ಕಟ್ಟಬೇಕಾದರೆ ಜನ ಕರೆಯುತ್ತಿದ್ದದ್ದು ಅವಳನ್ನೇ. ಮರದ ಸುಖದುಃಖ ಅವಳ ಕೈಗೆ ಗೊತ್ತಿತ್ತು. ಕಾಯಿ ನಿಂಬೆಯ ಗಾತ್ರ ದಾಟುವ ಹೊತ್ತಿಗೆ ಎಲೆಯ ನರ ಹಳದಿಯಾದವು. ದಡದಲ್ಲಿ ಕೈಹಾಕಿ ಎಳೆಬೇರು ಎಳೆದಳು. ಕಪ್ಪಗಾಗಿದ್ದ ಬೇರು ಒಣ ದಾರದಂತೆ ಕಿತ್ತು ಬಂತು.

ಹಸಿದು ಸಾಯುತ್ತಿರುವ ಬೇರು ಅದು. ಕುಕ್ಕರಗಾಲಲ್ಲಿ ಕೂತು ಬುಡದ ಕೆಸರನ್ನು ಬೆರಳಿನಿಂದ ಬಿಡಿಸಿದಳು. ಕಾಂಡದ ಸುತ್ತ ನಾಲ್ಕು ಬೆರಳಗಲ ತೊಗಟೆಯೇ ಇರಲಿಲ್ಲ.

ಎಲ್ಲ ಅರ್ಥವಾಯಿತು. ನೀರು ಕಟ್ಟಿಗೆಯ ಒಳಗಿಂದ ಏರುತ್ತದೆ, ಹಾಗಾಗಿ ಇಷ್ಟು ದಿನ ಎಲೆ ಬಾಡಲಿಲ್ಲ. ಎಲೆ ಬೇಯಿಸಿದ ಅನ್ನ ಇಳಿಯುವುದು ತೊಗಟೆಯಲ್ಲಿ. ದಾರಿ ಕಡಿದ ಮೇಲೆ ಅದೆಲ್ಲ ಮೇಲೆಯೇ ನಿಂತು ಹೂವಾಯಿತು, ಕಾಯಾಯಿತು. ಬೇರಿಗೆ ಒಂದು ತುತ್ತೂ ಸಿಗಲಿಲ್ಲ. ಬೆನ್ ಕೆಸರು ಸುರಿದದ್ದು ಗಾಯ ಮುಚ್ಚುವುದಕ್ಕೆ. ತಾನು ಅದಕ್ಕೆ ಮೀನು ಬೇಯಿಸಿ ಕೊಟ್ಟು ಬಂದಿದ್ದಳು! ಮರ ಹೋದದ್ದಕ್ಕಿಂತ ಆ ಮೀನು ನೆನೆದೇ ಅವಳ ಮೈ ಉರಿಯಿತು.

ಕೈ ಇನ್ನೂ ಕೆಸರಿನಲ್ಲೇ ಇತ್ತು. ಗಾಯದ ಮೇಲಂಚು ಊದಿಕೊಂಡಿತ್ತು. ಅಲ್ಲಿ ಏನೋ ನವಿರಾಗಿ ತಾಕಿತು. ಬಗ್ಗಿ ನೋಡಿದಳು. ಬಿಳಿ ಬೇರು, ಒಂದಲ್ಲ, ಏಳೆಂಟು. ಅವನ ಕೆಸರಿನೊಳಕ್ಕೇ ಇಳಿದಿದ್ದವು. ತಾನು ರೆಂಬೆಗೆ ಕಟ್ಟುವ ಗೂಟಿಯನ್ನು ಅವನು ತಿಳಿಯದೆ ಇಡೀ ಮರಕ್ಕೆ ಕಟ್ಟಿದ್ದ.

ಲುವಾ ತಡ ಮಾಡಲಿಲ್ಲ. ಅಷ್ಟು ಭಾರವನ್ನು ಎಳೆಬೇರು ಹೊರಲಾರದೆಂದು ಅರ್ಧ ಕೊಂಬೆ ಕಡಿದಳು, ಕಾಯೆಲ್ಲ ಕಿತ್ತಳು. ಕಿತ್ತ ಹಸಿರು ಕಾಯನ್ನು ಒಂದೊಂದಾಗಿ ಕಾಲುವೆಯಾಚೆ ಬೆನ್‌ನ ಅಂಗಳಕ್ಕೆ ಎಸೆದಳು.

ಬೆನ್ ಹೊರಗೆ ಬಂದ. ಹಿಂದೆಯೇ ಅವನ ಹೆಂಡತಿ ಲಿಯೆನ್. “ಏನಿದು ಅತ್ತಿಗೆ, ತಲೆ ಕೆಟ್ಟಿದೆಯಾ?”

“ತೊಗಟೆ ಯಾರೋ ಸುಲಿದವನು?”

“ಇಲಿ ಕಡಿದಿರಬೇಕು.”

“ನಿಮ್ಮನೆ ಇಲಿ ಚಾಕು ಹಿಡಿಯೋದು ಯಾವಾಗ ಕಲೀತು? ಸುತ್ತಲೂ ಒಂದೇ ಅಳತೆ. ಪಾಪ, ನಿನ್ನ ಶ್ರಮವೆಲ್ಲ ದಂಡ. ಮೇಲಿಂದ ಹೊಸ ಬೇರು ಬಿಟ್ಟಿದೆ.”

“ಸುಳ್ಳು! ಅಷ್ಟು ದಪ್ಪ ಕಾಂಡ ಬೇರು ಬಿಡಲ್ಲ. ಕಟ್ಟಿಗೆ ಕಾಣೋ ಹಾಗೆ ಕೆರೆದಿದ್ದೆ…” ಎಂದವನು ಬಾಯಿ ಮುಚ್ಚಿಕೊಂಡ.

ಲಿಯೆನ್ ಗಂಡನ ಮುಖ ನೋಡಿದಳು. ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಇಬ್ಬರು ಹೆಂಗಸರು ಕೈ ನಿಲ್ಲಿಸಿದರು. ಇನ್ನು ಮುಚ್ಚಿಡಲು ಏನೂ ಉಳಿದಿಲ್ಲವೆಂದು ಕಂಡ ಬೆನ್‌ನ ಧ್ವನಿ ಏರಿತು.

“ಆ ಕೆಸರು ನನ್ನ ಕಾಲುವೇದು. ವಾಪಸ್ ತಗೋತೀನಿ!” ಸನಿಕೆ ಹಿಡಿದು ಕಾಲುವೆಯ ಮೇಲಿನ ಬಿದಿರಿನ ಸಂಕ ದಾಟಿ ಬಂದ.

ಲುವಾ ಕೆಸರಿನ ಗುಡ್ಡೆಯ ಮೇಲೆ, ಕಾಂಡಕ್ಕೆ ಬೆನ್ನು ಕೊಟ್ಟು ಕೂತಳು. ಗೂಟಿ ಕಟ್ಟುವ ಚಾಕು ಮಡಿಲಲ್ಲಿತ್ತು.

“ತಗೋ. ಮೊದಲು ನನ್ನ ಎಬ್ಬಿಸು.”

ಅವನು ಸನಿಕೆ ಎತ್ತಿದ. ಅವಳು ಕದಲಲಿಲ್ಲ.

“ಸಾಕು ಬನ್ರೀ, ಮಾನ ಇದ್ರೆ ಬನ್ನಿ,” ಎಂದು ಲಿಯೆನ್ ಆಚೆ ದಡದಿಂದ ಕೂಗಿದಳು. ಬೆನ್ ಸನಿಕೆಯನ್ನು ನೆಲಕ್ಕೆ ಕುಕ್ಕಿ, ಉಗುಳಿ, ಹೊರಟುಹೋದ. ಮಾರನೆಯ ದಿನವೇ ಲುವಾ ಸಂಕದ ಬಿದಿರು ಕಿತ್ತು ಒಲೆಗಿಟ್ಟಳು. ಮಳೆ ನಿಲ್ಲುವವರೆಗೂ ದಿನಾ ತನ್ನ ಕಡೆಯ ಕೆಸರನ್ನೇ ಹೊತ್ತು ಆ ಬುಡಕ್ಕೆ ಹಾಕಿದಳು.

ಮರ ಉಳಿಯಿತು. ಸೊಟ್ಟಗೆ, ಅರ್ಧ ಬೋಳಾಗಿ ನಿಂತಿತು. ಹೊಸ ವರ್ಷದ ಟೆಟ್ ಹಬ್ಬಕ್ಕೆ ಅದರಲ್ಲಿ ದೇವರಿಗಿಡಲು ಒಂದು ಹಣ್ಣೂ ಇರಲಿಲ್ಲ. ಕಾಲುವೆಯಾಚೆ ನೆರಳು ಬೀಳಿಸುವ ಕಡೆಯ ಕೊಂಬೆಗಳು ಮಾತ್ರ ಚಿಗುರಿದ್ದರಿಂದ ಬೆನ್ ಕೊನೆಗೆ ಸಸಿಮಡಿಯನ್ನೇ ಮನೆ ಹಿಂದಕ್ಕೆ ಒಯ್ದ.

ಅಣ್ಣನ ತಿಥಿಯ ಪೂಜೆಗೆ ಅವನು ದೋಣಿಯಲ್ಲಿ ಸುತ್ತಿ ಬಂದು ಊದುಬತ್ತಿ ಹಚ್ಚಿದ. ಲುವಾ ಬೇಡ ಎನ್ನಲಿಲ್ಲ. ಸತ್ತವನಿಗೆ ತಮ್ಮನೇ ತಾನೇ. ಬಳಿಕ ಚಾಪೆಯ ಮೇಲೆ ಎಲ್ಲರಿಗೂ ಬಟ್ಟಲು ಇಟ್ಟಳು. ಅವನ ಮುಂದೆ ಇಡಲಿಲ್ಲ. ಅವನು ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.